ಹಾಡು ನಮ್ಮದಾದ ಬಗೆ

ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ಅದರ ಗೋಡೆ, ಗೋಪುರ, ಗಂಟೆಗಳ ಚರಿತ್ರೆಯನ್ನೂ, ಸೇವೆ ಸಲ್ಲಿಸಿದ ಗುರುವರ್ಯರ ಹಾಗೂ ಉದಾರ ದಾನಿಗಳ ನಾಮಾವಳಿಯನ್ನೂ ಈ ಸಂಚಿಕೆಯ ಬೇರೆ ಪುಟಗಳಲ್ಲಿ ವಾಚಕರು ಕಾಣುವರು. ಕಲ್ಲಿನ ಮೇಲೆ ಕೆತ್ತಿಸಿದ ಹೆಸರು ಉಳಿಯುತ್ತದೆ. ಹಾಡಿದ ಸ್ವರವಾದರೋ ಹಾಡಿದ ಕ್ಷಣದಲ್ಲೇ ಗಾಳಿಯಲ್ಲಿ ಲೀನವಾಗುತ್ತದೆ. ಆದುದರಿಂದಲೇ ಗಾಯನವೃಂದದ ಚರಿತ್ರೆಯನ್ನು ಯಾರೂ ಬರೆದಿಡಲಿಲ್ಲ. ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲ್ಲೂಕುಗಳ ಕಥೋಲಿಕ ಜನರು ಯಾವ ಹಾಡನ್ನು ಹಾಡುತ್ತ ಬಂದರು, ಯಾವ ಕಟ್ಟಳೆಗಳ ನಡುವೆ ಹಾಡಿದರು, ತಮ್ಮದೇ ಹಾಡನ್ನು ಕಟ್ಟಿಕೊಳ್ಳುವ ದಾರಿಯನ್ನು ಹೇಗೆ ಕಂಡುಕೊಂಡರು ಎಂಬುದನ್ನು ಯಥಾಮತಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಗೋವೆಯಿಂದ ಬಂದ ಸ್ವರ

ಉತ್ತರ ಕನ್ನಡದ ಕಥೋಲಿಕ ಸಮಾಜದ ಬೇರುಗಳು ಬಹುಮಟ್ಟಿಗೆ ಗೋವೆಯ ಕಡೆಗೆ ಚಾಚಿಕೊಂಡಿವೆ. ಧರ್ಮಾಡಳಿತದ ದೃಷ್ಟಿಯಿಂದಲೂ ಈ ಪ್ರದೇಶವು ಗೋವೆಯ ಮಹಾಧರ್ಮಪ್ರಾಂತಕ್ಕೆ ಸೇರಿದ್ದಿತು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತವು ಸ್ಥಾಪಿತವಾದಾಗ ನಾವು ಅದರ ಮಡಿಲಿಗೆ ಬಂದೆವು. 1976ರಲ್ಲಿ ಕಾರವಾರ ಧರ್ಮಪ್ರಾಂತವು ರೂಪುಗೊಂಡಿತು. ಆಡಳಿತದ ಗಡಿಗಳು ಹೀಗೆ ಬದಲಾದರೂ ಹಾಡಿನ ಗಡಿ ಅಷ್ಟು ಬೇಗನೆ ಬದಲಾಗಲಿಲ್ಲ.

ಗೋವೆಯ ಹಳ್ಳಿಹಳ್ಳಿಯ ದೇವಾಲಯಗಳಿಗೆ ಸೇರಿದಂತೆ ಸಂಗೀತದ ಶಾಲೆಗಳಿದ್ದವು. ಅಲ್ಲಿ 'ಮೆಸ್ತ್' ಎಂದು ಕರೆಯಲ್ಪಡುತ್ತಿದ್ದ ಗುರುವು ಮಕ್ಕಳಿಗೆ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿಸುತ್ತಿದ್ದನು. ಹಬ್ಬದ ಪೂಜೆಗೆ ಗಾಯನವೃಂದವನ್ನು ಸಿದ್ಧಗೊಳಿಸುವವನೂ ಅವನೇ, ಮೆರವಣಿಗೆಗೆ ಬ್ಯಾಂಡನ್ನು ಕಟ್ಟುವವನೂ ಅವನೇ. ಲ್ಯಾಟಿನ್ ಪೂಜೆ, ಕೊಂಕಣಿಯ ಕಾಂತಾರ್, ತಪಸ್ಸುಕಾಲದ ಮೊತೆತ್, ಮನೆಯ ಶಿಲುಬೆಯ ಮುಂದೆ ಹಾಡುವ ಲದಾಯ್ನ್ಯ ಇವೆಲ್ಲವೂ ಅವನ ಶಿಷ್ಯರ ಕಂಠದಲ್ಲಿದ್ದವು.

ಈ ಪರಂಪರೆಯಲ್ಲಿ ಹೊಸ ಹಾಡು ಕಟ್ಟುವ ಪ್ರಶ್ನೆ ಬಹು ಹಿಂದೆಯೇ ಉದಿಸಿತ್ತು. 1579ರಲ್ಲಿ ಗೋವೆಗೆ ಬಂದ ಯೇಸುಸಭೆಯ ಗುರು ತೋಮಸ್ ಸ್ಟೀಫನ್ಸರು ತಮ್ಮ 'ಕ್ರಿಸ್ತಪುರಾಣ'ವನ್ನು 1616ರಲ್ಲಿ ರಾಚೋಲಿನಲ್ಲಿ ಅಚ್ಚು ಹಾಕಿಸಿದರು. ಹತ್ತು ಸಾವಿರಕ್ಕೂ ಮಿಗಿಲಾದ ಪದ್ಯಗಳಿರುವ ಆ ಗ್ರಂಥಕ್ಕೆ ಅವರು ಆರಿಸಿಕೊಂಡ ಛಂದಸ್ಸು ಯುರೋಪಿನದಲ್ಲ. ಈ ನೆಲದ ಹೆಂಗಸರು ಬೀಸುವಾಗಲೂ ಕುಟ್ಟುವಾಗಲೂ ಹಾಡುತ್ತಿದ್ದ ಓವಿ. ಇಂಗ್ಲೆಂಡಿನಲ್ಲಿ ಹುಟ್ಟಿದ ಆ ಮಹನೀಯರಿಗೆ ಹೊಳೆದ ಸತ್ಯವಿಷ್ಟೆ: ಜನರ ನಾಲಗೆಗೆ ಮೊದಲೇ ಒಗ್ಗಿದ ಮಟ್ಟಿನಲ್ಲಿ ಹೇಳಿದ ಮಾತು ಬಹುಕಾಲ ನಿಲ್ಲುತ್ತದೆ. 1684ರಲ್ಲಿ ಪೋರ್ಚುಗೀಸ್ ಆಡಳಿತವು ಕೊಂಕಣಿಯ ಬಳಕೆಯನ್ನೇ ನಿಷೇಧಿಸಹೊರಟಿತು. ಹಾಗಿದ್ದೂ ಪುರಾಣದ ಗಾಯನ ನಿಲ್ಲಲಿಲ್ಲ. ಟಿಪ್ಪುವಿನ ಕಾಲದಲ್ಲಿ ಕನ್ನಡ ಕರಾವಳಿಯಲ್ಲಿ ಸೆರೆಸಿಕ್ಕಿದ ಗೋವೆಯ ಗುರು ಜೋಕಿಂ ಮಿರಾಂದರು ರಚಿಸಿದ 'ರಿಗ್ಲೊ ಜೆಜು ಮಳ್ಯಾಂತ್' ಎಂಬ ತಪಸ್ಸುಕಾಲದ ಗೀತೆಯಾದರೂ ಎರಡು ಶತಮಾನಗಳನ್ನು ದಾಟಿ ಬಂದಿದೆ. ರಾಜಾಜ್ಞೆಗಿಂತ ಹಾಡಿನ ಆಯುಷ್ಯ ದೀರ್ಘವೆಂಬುದಕ್ಕೆ ಇವೆರಡೇ ನಿದರ್ಶನಗಳು ಸಾಕು.

1903ರ ಕಟ್ಟಳೆ

ನಮ್ಮ ದೇವಾಲಯದ ತಳಪಾಯ ಹಾಕುವ ಹೊತ್ತಿಗೆ ಪವಿತ್ರ ಸಂಗೀತದ ವಿಷಯದಲ್ಲಿ ರೋಮಿನ ಕಟ್ಟಳೆಯೊಂದು ಜಾರಿಯಲ್ಲಿತ್ತು. ಜಗದ್ಗುರು ಹತ್ತನೆಯ ಪಿಯುಸರು 1903ರ ನವೆಂಬರ್ 22ರಂದು, ಅಂದರೆ ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಮ್ಮನವರ ಹಬ್ಬದ ದಿನವೇ, ಆ ಆಜ್ಞೆಯನ್ನು ಹೊರಡಿಸಿದರು. ಆ ಕಾಲದ ಯುರೋಪಿನ ದೇವಾಲಯಗಳಲ್ಲಿ ನಾಟಕಶಾಲೆಯ ಸಂಗೀತ ನುಗ್ಗಿ ಪೂಜೆಯ ಗಾಂಭೀರ್ಯ ಕೆಡುತ್ತಿದ್ದುದರಿಂದ ಅದನ್ನು ತಡೆಯುವುದು ಅವರ ಸದುದ್ದೇಶವಾಗಿತ್ತು. ಗ್ರೆಗೋರಿಯನ್ ಗಾನಕ್ಕೆ ಅಗ್ರಸ್ಥಾನ ದೊರೆಯಿತು. ಆದರೆ ಅದೇ ಆಜ್ಞೆಯ ಕೆಲವು ವಿಧಿಗಳು ನಮ್ಮ ಮಲೆನಾಡಿನ ಮೂಲೆಯವರೆಗೂ ತಮ್ಮ ನೆರಳನ್ನು ಚಾಚಿದವು.

ಪೂಜಾವಿಧಿಯಲ್ಲಿ ದೇಶಭಾಷೆಯ ಹಾಡು ಸಲ್ಲದು. ಗಾಯನವೃಂದದವರದು ಪೂಜಾಸೇವೆಯ ಒಂದು ಅಧಿಕಾರವಾದುದರಿಂದ ಅದರಲ್ಲಿ ಸ್ತ್ರೀಯರಿಗೆ ಎಡೆಯಿಲ್ಲ. ಎತ್ತರದ ಕಂಠ ಬೇಕಿದ್ದಲ್ಲಿ ಬಾಲಕರನ್ನು ಸೇರಿಸಿಕೊಳ್ಳಬೇಕು. ಪಿಯಾನೊ ನಿಷಿದ್ಧ, ಗದ್ದಲದ ವಾದ್ಯಗಳಾದ ಡೋಲು, ತಾಳ ಮೊದಲಾದುವೂ ನಿಷಿದ್ಧ. ಬ್ಯಾಂಡು ದೇವಾಲಯದೊಳಗೆ ನುಡಿಸಕೂಡದು. ಧರ್ಮಾಧ್ಯಕ್ಷರ ಅಪ್ಪಣೆಯಿದ್ದಲ್ಲಿ ಹೊರಗಿನ ಮೆರವಣಿಗೆಯಲ್ಲಿ ಮಾತ್ರ ನುಡಿಸಬಹುದು. ಹಬ್ಬದ ದಿನ ಬ್ಯಾಂಡಿನವರು ದೇವಾಲಯದ ಮೆಟ್ಟಿಲ ಬಳಿ ನಿಂತು ಬಿಡುವ ರೂಢಿಯನ್ನು ನಾವು ಸಹಜವೆಂದೇ ತಿಳಿದಿದ್ದೆವು. ಅದರ ಹಿಂದೆ ಇಂತಹದೊಂದು ಕಟ್ಟಳೆಯಿತ್ತೆಂದು ನಮ್ಮಲ್ಲಿ ಅನೇಕರು ಅರಿಯರು.

ಸ್ತ್ರೀಯರ ವಿಷಯದಲ್ಲಿ ಬಾಗಿಲು ಸ್ವಲ್ಪ ತೆರೆದದ್ದು 1955ರಲ್ಲಿ. ಬಾಲಕರ ವೃಂದ ದೊರೆಯದ ಕಡೆ, ಪೀಠದ ಅಂಗಳದ ಹೊರಗೆ ಪ್ರತ್ಯೇಕ ಸ್ಥಳದಲ್ಲಿ ನಿಂತು ಸ್ತ್ರೀಯರೂ ಹಾಡಬಹುದೆಂದು ಜಗದ್ಗುರು ಹನ್ನೆರಡನೆಯ ಪಿಯುಸರು ಅನುಮತಿಯಿತ್ತರು. ಇಂದು ನಮ್ಮ ಗಾಯನವೃಂದಗಳು ನಿಂತಿರುವುದೇ ತಾಯಂದಿರ, ಸೋದರಿಯರ, ಕನ್ಯಾಸ್ತ್ರೀಯರ ಕಂಠದ ಆಧಾರದ ಮೇಲೆ ಎಂದರೆ ಅತಿಶಯೋಕ್ತಿಯಾಗಲಾರದು. ಆ ಕಂಠಗಳಿಗೆ ಮೌನವನ್ನು ವಿಧಿಸಿದ್ದ ಕಾಲವೂ ಒಂದಿತ್ತು ಎಂಬುದನ್ನು ಕೃತಜ್ಞತೆಯಿಂದಲೂ ತುಸು ಸಂಕೋಚದಿಂದಲೂ ಇಲ್ಲಿ ನೆನೆಯುತ್ತೇವೆ.

ಬಾಗಿಲ ಹೊರಗಿನ ದಮಾಮ್

ಹೊರಗುಳಿದ ಇನ್ನೊಂದು ನಾದವಿದೆ. ಯಲ್ಲಾಪುರದ ಕಾಡಂಚಿನಲ್ಲಿಯೂ, ಹಳಿಯಾಳ ಮುಂಡಗೋಡಗಳ ಕಡೆಯಲ್ಲಿಯೂ ನೆಲೆಸಿರುವ ಸಿದ್ದಿ ಬಾಂಧವರು ನಮ್ಮ ಧರ್ಮಸಭೆಯ ಅವಿಭಾಜ್ಯ ಅಂಗ. ಪೋರ್ಚುಗೀಸರೇ ಮೊದಲಾದವರು ಗುಲಾಮರನ್ನಾಗಿ ತಂದ ಆಫ್ರಿಕದ ಜನರ ಸಂತತಿಯವರಿವರು. ಕಥೋಲಿಕರೂ, ಹಿಂದೂಗಳೂ, ಮುಸಲ್ಮಾನರೂ ಇವರಲ್ಲಿದ್ದಾರೆ. 2003ರಲ್ಲಿ ಇವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಮತ ಬೇರೆಬೇರೆಯಾದರೂ ಇವರನ್ನು ಒಂದುಗೂಡಿಸುವುದು ದಮಾಮ್ ಎಂಬ ಚರ್ಮವಾದ್ಯ ಮತ್ತು ಅದರೊಡನೆ ಸಾಗುವ ಹಾಡು ಕುಣಿತ.

ದಮಾಮಿನ ಹಾಡು ಕಟ್ಟುವ ಕ್ರಮವನ್ನು ಗಮನಿಸಿದವರಿಗೆ ಅದರ ಜಾಣ್ಮೆ ತಿಳಿಯದಿರದು. ಒಬ್ಬರು ಮೊದಲ ಸಾಲನ್ನು ಎತ್ತುತ್ತಾರೆ. ಉಳಿದವರು ಮರುನುಡಿಯನ್ನು ಹಿಡಿಯುತ್ತಾರೆ. ಆ ಮರುನುಡಿ ಮುಗಿಯುವಷ್ಟರಲ್ಲಿ ಮೊದಲಿನವರ ಮನಸ್ಸಿನಲ್ಲಿ ಮುಂದಿನ ಸಾಲು ಸಿದ್ಧವಾಗಿರಬೇಕು. ಬರೆದಿಟ್ಟ ಪುಸ್ತಕವಿಲ್ಲ. ಕಾಡು, ಬೇಟೆ, ಕೂಲಿ, ಮದುವೆ, ಎದುರಿಗೆ ಕುಳಿತ ಅತಿಥಿ ಎಲ್ಲವೂ ಹಾಡಿಗೆ ವಸ್ತುವೇ. ಮಳೆಗಾಲದಲ್ಲಿ ಚರ್ಮ ಸಡಿಲಗೊಂಡರೆ ಬೆಂಕಿಯ ಕಾವು ತೋರಿಸಿ ಬಿಗಿ ತರುತ್ತಾರೆ. ಇಂತಹ ಹಾಡುಗಾರರು ಡೋಲು ನಿಷಿದ್ಧವಾಗಿದ್ದ ದೇವಾಲಯದೊಳಗೆ ಬಂದಾಗ ಕೈಕಟ್ಟಿ ಮೌನವಾಗಿ ಕುಳಿತುಕೊಳ್ಳಬೇಕಾಗಿತ್ತು. ತಮಗೆ ತಿಳಿಯದ ಲ್ಯಾಟಿನ್ ಮಾತನ್ನು ಕೇಳಬೇಕಾಗಿತ್ತು. ಇದು ಒಂದು ಊರಿನ, ಒಬ್ಬ ಗುರುವಿನ ತಪ್ಪಲ್ಲ. ಅಂದಿನ ಕಟ್ಟಳೆಯೇ ಹಾಗಿತ್ತು. ಆದರೂ ನಷ್ಟ ನಷ್ಟವೇ ಸರಿ.

ತೆರೆದ ಬಾಗಿಲು, ಬರಿದಾದ ಪುಸ್ತಕ

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ದೈವಾರಾಧನೆಯನ್ನು ಕುರಿತ ತನ್ನ ಶಾಸನವನ್ನು ಪ್ರಕಟಿಸಿತು. ಪೂಜೆಯಲ್ಲಿ ದೇಶಭಾಷೆಗೆ ಅವಕಾಶವಾಯಿತು. ತಮ್ಮದೇ ಸಂಗೀತ ಪರಂಪರೆಯುಳ್ಳ ಜನರ ಆ ಪರಂಪರೆಗೆ ತಕ್ಕ ಗೌರವವನ್ನೂ ಸ್ಥಾನವನ್ನೂ ಕೊಡಬೇಕೆಂದು ಅದರ 119ನೆಯ ವಿಧಿ ಸಾರಿತು. ಪವಿತ್ರ ಬಳಕೆಗೆ ಯೋಗ್ಯವಾದ ಇತರ ವಾದ್ಯಗಳನ್ನೂ ಸೇರಿಸಿಕೊಳ್ಳಬಹುದೆಂದು 120ನೆಯ ವಿಧಿಯೂ, ಹಾಡಿನ ಮಾತುಗಳನ್ನು ಮುಖ್ಯವಾಗಿ ಪವಿತ್ರ ಗ್ರಂಥದಿಂದಲೂ ಪೂಜಾವಿಧಿಯಿಂದಲೂ ಆಯ್ದುಕೊಳ್ಳಬೇಕೆಂದು 121ನೆಯ ವಿಧಿಯೂ ತಿಳಿಸಿದವು. 1967ರಲ್ಲಿ ಬೆಂಗಳೂರಿನಲ್ಲಿ ಗುರು ಅಮಲೋರ್ಪವದಾಸರ ನೇತೃತ್ವದಲ್ಲಿ ರಾಷ್ಟ್ರೀಯ ಕೇಂದ್ರವೊಂದು ಆರಂಭವಾಗಿ, ಭಾರತೀಯ ರೀತಿಯ ಆರಾಧನೆಗೆ ದಾರಿ ಹುಡುಕತೊಡಗಿತು. 1969ರಲ್ಲಿ ಹೊಸ ಪೂಜಾಕ್ರಮವೂ ಬಂದಿತು.

ಬಾಗಿಲೇನೋ ತೆರೆಯಿತು, ಹಾಡುವುದೇನನ್ನು? ಹಳೆಯ ಲ್ಯಾಟಿನ್ ಪುಸ್ತಕ ಮುಚ್ಚಿತು. ಕೊಂಕಣಿಯಲ್ಲಿ ಕಾಂತಾರಗಳಿದ್ದವು, ಆದರೆ ಅವುಗಳಲ್ಲಿ ಹೆಚ್ಚಿನವು ಭಕ್ತಿಗೀತೆಗಳೇ ಹೊರತು ಪೂಜೆಯ ಆಯಾ ಭಾಗಕ್ಕೆ ಹೊಂದುವಂತಹವಲ್ಲ. ಕನ್ನಡದಲ್ಲಂತೂ ನಮ್ಮ ಭಾಗದವರು ಬಹುತೇಕ ಹೊಸದಾಗಿಯೇ ಆರಂಭಿಸಬೇಕಾಯಿತು. ಮನೆಯ ಭಾಷೆ ಕೊಂಕಣಿ, ಶಾಲೆಯ ಹಾಗೂ ಪೇಟೆಯ ಭಾಷೆ ಕನ್ನಡ. ಪ್ರಾರ್ಥನೆಯ ಭಾಷೆ ಯಾವುದಾಗಬೇಕು? ಈ ಪ್ರಶ್ನೆ ಕೆಲವು ಕಡೆ ಮನಸ್ತಾಪಕ್ಕೂ ಕಾರಣವಾದುದುಂಟು. ನಾವಾದರೋ ಎರಡನ್ನೂ ತಾಯಂತೆ ಕಂಡು, ಎರಡರಲ್ಲೂ ಹಾಡುವುದೇ ಲೇಸೆಂದು ನಂಬಿದವರು. ಕೊಂಕಣಿಯನ್ನು ನಾವು ಬರೆಯುವುದೂ ಕನ್ನಡ ಲಿಪಿಯಲ್ಲಿಯೇ ಅಲ್ಲವೇ?

ವೃಂದ ಹುಟ್ಟುವ ಬಗೆ

ಹೊಸ ಗಾಯನವೃಂದವು ಯಾರ ಅಪ್ಪಣೆಯಿಂದಲೂ ಹುಟ್ಟುವುದಿಲ್ಲ. ಸಾಮಾನ್ಯವಾಗಿ ಹಬ್ಬವೊಂದರ ತುರ್ತಿನಿಂದ ಹುಟ್ಟುತ್ತದೆ. ಕ್ರಿಸ್ತಜಯಂತಿಯ ಮುನ್ನಿನ ವಾರಗಳಲ್ಲಿ ಮನೆಮನೆಗೆ ಹಾಡುತ್ತ ಹೋಗಲು ನಾಲ್ಕು ಜನ ಯುವಕರು ಸೇರುತ್ತಾರೆ. ಶಾಲೆಯ ಅಧ್ಯಾಪಕರೊಬ್ಬರು ಹಾರ್ಮೋನಿಯಂ ಹಿಡಿಯುತ್ತಾರೆ. ಕನ್ಯಾಸ್ತ್ರೀಯೊಬ್ಬರು ಹುಡುಗಿಯರನ್ನು ಕರೆತರುತ್ತಾರೆ. ಹಬ್ಬ ಮುಗಿದ ಮೇಲೂ ಶನಿವಾರ ಸಂಜೆ ಸೇರುವ ಅಭ್ಯಾಸ ಉಳಿದರೆ ವೃಂದ ಹುಟ್ಟಿತೆಂದು ತಿಳಿಯಬೇಕು. ಜೂನ್ ತಿಂಗಳ ಮಳೆ ಅದರ ಮೊದಲ ಪರೀಕ್ಷೆ. ಹೊಳೆ ತುಂಬಿ, ದಾರಿ ಕೆಸರಾಗಿ, ತೇವಕ್ಕೆ ಹಾರ್ಮೋನಿಯಂನ ಮನೆಗಳು ಅಂಟಿಕೊಂಡು, ಪಿಟೀಲಿನ ಅಂಟು ಬಿಡುವ ಆ ದಿನಗಳಲ್ಲಿಯೂ ಬಂದು ಸೇರುವವರೇ ನಿಜವಾದ ಗಾಯಕರು.

ಹೀಗೆ ಸೇರಿದ ವೃಂದದ ಮುಂದೆ ಹಾಡು ಕಟ್ಟುವ ಮೂರು ದಾರಿಗಳಿರುತ್ತವೆ. ಪರದೇಶದ ಮಟ್ಟನ್ನು ಇರಿಸಿಕೊಂಡು ಮಾತನ್ನು ಮಾತ್ರ ಕನ್ನಡಕ್ಕೆ ತಿರುಗಿಸುವುದು ಮೊದಲನೆಯದು. ಜನಪ್ರಿಯವಾದ ಮಟ್ಟಿಗೆ, ಕೆಲವೊಮ್ಮೆ ಚಲನಚಿತ್ರದ ಮಟ್ಟಿಗೇ, ಭಕ್ತಿಯ ಮಾತನ್ನು ತೊಡಿಸುವುದು ಎರಡನೆಯದು. ಪವಿತ್ರ ಗ್ರಂಥದ ಮಾತನ್ನು ಮೊದಲು ಇರಿಸಿಕೊಂಡು ಅದರೊಳಗಿನಿಂದಲೇ ಮಟ್ಟನ್ನು ಎಬ್ಬಿಸುವುದು ಮೂರನೆಯದು. ನಮ್ಮ ವೃಂದಗಳು ಮೂರೂ ದಾರಿಗಳನ್ನು ತುಳಿದಿವೆ. ಮೊದಲ ದಾರಿಯಲ್ಲಿ ಎಡವಿದಾಗಲೇ ನಮ್ಮ ಭಾಷೆಯ ಗುಣ ನಮಗೆ ತಿಳಿದದ್ದು.

ಕನ್ನಡದಲ್ಲಿ ಹ್ರಸ್ವ ದೀರ್ಘಗಳು ಅರ್ಥವನ್ನೇ ಬದಲಿಸುತ್ತವೆ. ಯುರೋಪಿನ ಮಟ್ಟಿನಲ್ಲಿ ದೀರ್ಘ ಸ್ವರ ಬಂದ ಕಡೆ 'ದಿನ' ಎಂದು ಬರೆದರೆ ಕೇಳುವವರಿಗೆ 'ದೀನ' ಎಂದಾಗುತ್ತದೆ, 'ಮನ'ವು 'ಮಾನ'ವಾಗುತ್ತದೆ. ಮಾತೆ ಮರಿಯಮ್ಮನವರ ಹೆಸರಿನ ಮೊದಲಕ್ಷರವನ್ನು ಎಳೆದರಂತೂ, ಮಾರಿಕಾಂಬೆಯ ಜಾತ್ರೆಯ ಊರಾದ ಸಿರ್ಸಿಯಲ್ಲಿ ಕೇಳುವವರ ನೆನಪು ಎತ್ತ ಹರಿಯುವುದೆಂದು ಹೇಳಬೇಕಾಗಿಲ್ಲ. ನೆರೆಯವರ ಭಕ್ತಿಯನ್ನು ಗೌರವಿಸುವ ನಾವು ಅಂತಹ ಗೊಂದಲಕ್ಕೆ ಎಡೆಗೊಡಬಾರದಷ್ಟೆ.

ಎರಡನೆಯ ತೊಡಕು ಆರಂಭದ್ದು. ಯುರೋಪಿನ ಅನೇಕ ಮಟ್ಟುಗಳು ಪೆಟ್ಟಿಗೆ ಮುನ್ನ ಒಂದು ಸಣ್ಣ ಸ್ವರದಿಂದ ಹೊರಡುತ್ತವೆ. ಕನ್ನಡದ ಪದಕ್ಕಾದರೋ ಮೊದಲಲ್ಲೇ ಬಲ. ನಮ್ಮ ಆದಿಪ್ರಾಸವೂ ಸಾಲಿನ ಎರಡನೆಯ ಅಕ್ಷರದಲ್ಲೇ ನಿಲ್ಲುತ್ತದೆ. ಮೊದಲಕ್ಷರ ಪೆಟ್ಟಿನ ಹೊರಗೆ ಬಿದ್ದರೆ ಪದವೇ ಕುಂಟುತ್ತದೆ. ಮೂರನೆಯ ತೊಡಕು ಅಂತ್ಯದ್ದು. ನಮ್ಮ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. 'ಕರುಣಿಸು' ಎಂಬಲ್ಲಿ ನಾಲ್ಕೂ ಅಕ್ಷರಗಳು ಲಘು. ಮಟ್ಟು ಕೊನೆಯಲ್ಲಿ ಎರಡು ದೀರ್ಘ ಸ್ವರಗಳನ್ನು ಕೇಳಿದರೆ ಆ ಪದ ವಿಕಾರಗೊಳ್ಳುತ್ತದೆ. ಇದಕ್ಕೆ ಪರಿಹಾರವೂ ಭಾಷೆಯಲ್ಲೇ ಇದೆ. ಸಂಬೋಧನೆಯ ಕೊನೆಯ ಸ್ವರವನ್ನು ಎಳೆಯುವುದು ಕನ್ನಡಕ್ಕೆ ಸಹಜ. ವ್ಯಾಕರಣಕಾರರು ಅದನ್ನು ಪ್ಲುತವೆಂದರು. 'ದೇವಾ', 'ಸ್ವಾಮೀ', 'ತಾಯೇ' ಎಂದು ಸಾಲನ್ನು ಮುಗಿಸಿದರೆ ಎಷ್ಟು ಎಳೆದರೂ ಅರ್ಥ ಕೆಡುವುದಿಲ್ಲ. ನಮ್ಮ ಎಷ್ಟೋ ಗೀತೆಗಳು ಕರೆಯಲ್ಲಿಯೇ ಮುಗಿಯುವುದರ ಗುಟ್ಟು ಇದು. ಭಕ್ತಿಯೂ ಕೊನೆಗೆ ಒಂದು ಕರೆಯೇ ಆಗಿರುವುದರಿಂದ ಭಾಷೆಯ ಅನುಕೂಲವೂ ಆತ್ಮದ ಅಗತ್ಯವೂ ಇಲ್ಲಿ ಒಂದಾಗಿವೆ.

ನೆರೆಮನೆಯ ಪಾಠ

ಮೂರನೆಯ ದಾರಿಯಲ್ಲಿ ನಡೆಯತೊಡಗಿದಾಗ ನಮಗೆ ಗುರುಗಳು ಹತ್ತಿರದಲ್ಲೇ ದೊರೆತರು. ಬಾಸೆಲ್ ಮಿಶನ್ನಿನ ಕಿಟ್ಟೆಲರು 1862ರಲ್ಲಿಯೇ ಕ್ರಿಸ್ತನ ಚರಿತೆಯನ್ನು ಕನ್ನಡ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಹೆಣೆದಿದ್ದರು. ಮತದ ಒಳಭೇದ ಏನೇ ಇರಲಿ, ಅವರು ಹಿಡಿದ ದಾರಿ ಸ್ಟೀಫನ್ಸರದೇ. ಸಿರ್ಸಿ ತಾಲ್ಲೂಕಿನ ಸೋಂದೆಯಾದರೋ ಕನ್ನಡದಲ್ಲಿ ಹಾಡು ಕಟ್ಟಿದ ವಾದಿರಾಜರ ವೃಂದಾವನವಿರುವ ಸ್ಥಳ. ದಾಸರ ಪದದಲ್ಲಿ ಪಲ್ಲವಿಯೊಂದು ಮರಳಿ ಮರಳಿ ಬರುತ್ತದೆ. ಚರಣಗಳು ವಿಷಯವನ್ನು ಮುಂದೊಯ್ಯುತ್ತವೆ. ಹೊಸ ಪೂಜಾಕ್ರಮದ ಕೀರ್ತನೆಯಲ್ಲಿಯೂ ಒಬ್ಬರು ಚರಣವನ್ನು ಹಾಡಿದರೆ ಸಭೆಯೆಲ್ಲ ಮರುನುಡಿಯನ್ನು ಹಾಡುತ್ತದೆ. ಎರಡರ ಕಟ್ಟಡವೂ ಒಂದೇ ಎಂದು ತಿಳಿದಾಗ ನಮಗಾದ ಸಂತೋಷ ಹೇಳತೀರದು.

ಸಿದ್ದಾಪುರ ಸಿರ್ಸಿಗಳ ಕಡೆ ರಾತ್ರಿಯಿಡೀ ನಡೆಯುವ ಯಕ್ಷಗಾನದಲ್ಲಿ ಭಾಗವತರು ಭಾಮಿನಿಯ ಮೂರು-ನಾಲ್ಕು ಮಾತ್ರೆಗಳ ನಡೆಯನ್ನೂ, ವಾರ್ಧಕದ ಐದು ಮಾತ್ರೆಗಳ ನಡೆಯನ್ನೂ ಹಾಡುವುದನ್ನು ಕೇಳುತ್ತ ಬೆಳೆದ ಕಿವಿ ನಮ್ಮದು. ಆ ನಡೆಗಳಲ್ಲಿ ಪವಿತ್ರ ಗ್ರಂಥದ ಮಾತನ್ನು ಕೂರಿಸಿ ನೋಡಿದರೆ ಪದ ಮುರಿಯದು, ಉಸಿರು ತಪ್ಪದು. ಲಿಪಿಜ್ಞಾನವಿಲ್ಲದ ಅಜ್ಜಿಯೂ ಎರಡನೆಯ ಸಲಕ್ಕೆ ದನಿಗೂಡಿಸುತ್ತಾಳೆ. ಹಾಡು ನಮ್ಮದಾಗಿದೆಯೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ಬೇರೆ ಒರೆಗಲ್ಲು ಬೇಕಿಲ್ಲ. ವೃಂದದವರು ಎಷ್ಟೇ ಚೆನ್ನಾಗಿ ಹಾಡಿದರೂ ಸಭೆ ಸುಮ್ಮನೆ ಕುಳಿತು ಕೇಳಿದರೆ ಅದು ಕಚೇರಿಯಾಗುತ್ತದೆ, ಆರಾಧನೆಯಾಗುವುದಿಲ್ಲ.

ಹಾಗೆಂದು ಗೋವೆಯಿಂದ ಬಂದುದನ್ನು ಹಳಿಯಬೇಕೆಂದು ನಮ್ಮ ಅಭಿಪ್ರಾಯವಲ್ಲ. ಮೂರು ಪೆಟ್ಟಿನ ಕೊಂಕಣಿ ಮಟ್ಟಿಗೆ ಮೂರು ಮಾತ್ರೆಯ ಕನ್ನಡ ಗಣ ಸೊಗಸಾಗಿ ಹೊಂದುವುದನ್ನು ನಾವೇ ಕಂಡಿದ್ದೇವೆ. ನೂರು ವರ್ಷ ಈ ಗೋಡೆಗಳು ಕೇಳಿದ ಪಿಟೀಲಿನ ನಾದವೂ ಈಗ ನಮ್ಮ ನೆಲದ್ದೇ.

ಉಳಿದಿರುವ ಕೆಲಸ

ಶತಮಾನೋತ್ಸವದಂದು ಹೆಮ್ಮೆಯ ಜೊತೆಗೆ ಆತ್ಮಪರೀಕ್ಷೆಯೂ ಇರಬೇಕು. ಡೋಲನ್ನು ಹೊರಗಿರಿಸಿದ ಕಟ್ಟಳೆ ಸಡಿಲಗೊಂಡು ಅರುವತ್ತು ವರ್ಷಗಳ ಮೇಲಾಯಿತು. ಆದರೂ ನಮ್ಮಲ್ಲನೇಕರು ದಮಾಮನ್ನು ಪೂಜೆಯ ಅನಂತರದ ಮನೋರಂಜನೆಯ ವೇದಿಕೆಗೆ ಕರೆಯುವಷ್ಟು ಸುಲಭವಾಗಿ ಆರಾಧನೆಯ ಹಾಡಿಗೆ ಕರೆಯುವುದಿಲ್ಲ. ಚಪ್ಪಾಳೆ ತಟ್ಟುತ್ತೇವೆ, ಜೊತೆಗೆ ಕುಳಿತು ಹಾಡು ಕಟ್ಟುವುದಿಲ್ಲ. ಒಬ್ಬರು ಎತ್ತಿ ಹಲವರು ಮರುನುಡಿಯುವ ಕೀರ್ತನೆಯ ಕ್ರಮವನ್ನು ನಾವು ಪುಸ್ತಕದಿಂದ ಕಲಿಯಬೇಕಾಯಿತು. ಸಿದ್ದಿ ಬಾಂಧವರಿಗಾದರೋ ಅದು ಹುಟ್ಟಿನಿಂದ ಬಂದ ವಿದ್ಯೆ. ಕಟ್ಟಳೆಯ ಬಾಗಿಲು ತೆರೆದ ಮೇಲೆ ಉಳಿದಿರುವುದು ಮನಸ್ಸಿನ ಬಾಗಿಲು. ಅದರ ಕೀಲಿಕೈ ರೋಮಿನಲ್ಲಿಲ್ಲ, ನಮ್ಮ ಕೈಯಲ್ಲೇ ಇದೆ.

ಇನ್ನೊಂದು ಮಾತು. ಇಂದು ಹಾಡು ಮೊಬೈಲಿನಲ್ಲಿ ಸಿದ್ಧವಾಗಿ ದೊರೆಯುತ್ತದೆ. ವಾದ್ಯದ ಹಿಮ್ಮೇಳವನ್ನೂ ಯಂತ್ರವೇ ಒದಗಿಸುತ್ತದೆ. ಅನುಕೂಲವನ್ನು ನಾವು ಬೇಡವೆನ್ನುವುದಿಲ್ಲ. ಆದರೆ ದೂರದ ಊರಿನಲ್ಲಿ ಮುದ್ರಿತವಾದ ಹಾಡನ್ನು ಹಾಕಿ ಅದರ ಜೊತೆಗೆ ತುಟಿಯಾಡಿಸುವುದಾದರೆ, ಲ್ಯಾಟಿನ್ ಕಾಲದ ಮೌನಕ್ಕೂ ಇದಕ್ಕೂ ಬಹಳ ಅಂತರ ಉಳಿಯದು. ಇತ್ತ ಹಿರಿಯರ ಕಂಠದಲ್ಲಿರುವ ಹಳೆಯ ಕಾಂತಾರಗಳು, ಲದಾಯ್ನ್ಯದ ಮಟ್ಟುಗಳು ಅವರೊಡನೆಯೇ ಮಣ್ಣಿಗೆ ಸೇರುತ್ತಿವೆ. ಒಬ್ಬ ಹಿರಿಯ ಗಾಯಕರ ಅಂತ್ಯಸಂಸ್ಕಾರದಲ್ಲಿ ನಾವು ಹಾಡುವಾಗ, ಅವರಿಗೆ ಮಾತ್ರ ತಿಳಿದಿದ್ದ ಹಾಡೊಂದನ್ನು ಹಾಡಲು ನಮ್ಮಲ್ಲಿ ಯಾರೂ ಉಳಿದಿರುವುದಿಲ್ಲ.

ಆದಕಾರಣ ನಮ್ಮ ಯುವಜನರಲ್ಲಿ ಸವಿನಯ ವಿನಂತಿ. ಹಿರಿಯರ ಬಳಿ ಕುಳಿತು, ಅವರು ಹಾಡುವುದನ್ನು ಮೊಬೈಲಿನಲ್ಲೇ ಆಗಲಿ ಹಿಡಿದಿಡಿರಿ. ಮಾತನ್ನು ಕನ್ನಡ ಲಿಪಿಯಲ್ಲಿ ಬರೆದಿಡಿರಿ. ವರ್ಷಕ್ಕೊಂದಾದರೂ ಹೊಸ ಹಾಡನ್ನು ಇಲ್ಲಿಯೇ, ಈ ಮಳೆಯ ಸದ್ದಿನ ನಡುವೆಯೇ ಕಟ್ಟಿರಿ. ಕಟ್ಟುವಾಗ ಮೊದಲು ಪವಿತ್ರ ಗ್ರಂಥವನ್ನು ತೆರೆಯಿರಿ, ಮಾತನ್ನು ಬಾಯಿಬಿಟ್ಟು ಓದಿರಿ, ಅದು ಯಾವ ನಡೆಯಲ್ಲಿ ನಡೆಯಬಯಸುತ್ತದೆಂದು ಆಲಿಸಿರಿ; ಆಮೇಲೆ ಹಾರ್ಮೋನಿಯಂ ಮುಟ್ಟಿರಿ. ಯಲ್ಲಾಪುರದ ಕಾಡಿನಿಂದ ದಮಾಮ್ ಬರಲಿ, ಸಿದ್ದಾಪುರದಿಂದ ಭಾಗವತಿಕೆಯ ಲಯ ಬರಲಿ, ಸಿರ್ಸಿಯ ಹಳೆಯ ಮನೆಗಳಿಂದ ಪಿಟೀಲು ಬರಲಿ.

ನೂರು ವರ್ಷಗಳಲ್ಲಿ ಈ ದೇವಾಲಯದಲ್ಲಿ ಹಾಡಿ ಹೋದ, ಹೆಸರು ಎಲ್ಲಿಯೂ ದಾಖಲಾಗದ ಸಮಸ್ತ ಗಾಯಕ ಗಾಯಕಿಯರಿಗೆ ದಯಾಮಯನಾದ ದೇವರು ನಿತ್ಯವಿಶ್ರಾಂತಿಯನ್ನು ಅನುಗ್ರಹಿಸಲಿ. ದ್ವಿಶತಮಾನೋತ್ಸವದ ಸಂಚಿಕೆಯನ್ನು ಹೊರತರುವವರಿಗೆ ಬರೆಯಲು ಇನ್ನೂ ಹೆಚ್ಚಿನ ಸಂಗತಿಗಳಿರಲಿ, ಹಾಡಲು ಇನ್ನೂ ಹೆಚ್ಚಿನ ಹಾಡುಗಳಿರಲಿ ಎಂದು ಹಾರೈಸಿ ವಿರಮಿಸುತ್ತೇವೆ.